ದುರ್ಗದ ಬಂಡೆಗೆ ಕೂದಲುಂಟೇ?

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು, ಶಿರಾ, ಹಿರಿಯೂರು ದಾಟಿ ಸುಮಾರು 200 ಕಿ.ಮೀ. ಬಂದರೆ ಚಿತ್ರದುರ್ಗ. ಕೋಟೆ ನೋಡಲು ಬಂದವರು ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ಸಾಗುತ್ತಾರೆ. ಅಲ್ಲೇ ಹತ್ತಿರದಲ್ಲಿ ಮದಕರಿಯ ಹೆಸರು ಹೊತ್ತ ಮದಕರಿಪುರ ಇದೆ. ನನಗದು ದೊಡ್ಡಮ್ಮನ ಊರು.

ಈಗ 21 ದಿನಕ್ಕೊಮ್ಮೆ ದೊಡ್ಡಮ್ಮ ಇದೇ ಹೆದ್ದಾರಿಯಲ್ಲಿ ಬೆಂಗಳೂರಿಗೆ ಬರುತ್ತಾರೆ, ಕಿದ್ವಾಯಿಯಲ್ಲಿ ಕೀಮೋಗೆ. 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಅಂಗಳದಲ್ಲಿ ಕೂತರೆ ರಾಜ್ಯದ ಎಲ್ಲ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ.

ಊರಲ್ಲಿ ಮೊದಮೊದಲು ಯಾರೂ ‘ಕ್ಯಾನ್ಸರ್’ ಅನ್ನುತ್ತಿರಲಿಲ್ಲ. ‘ಅದು’ ಅನ್ನುತ್ತಿದ್ದರು. ಮೂಸಂಬಿ ತಂದವರು ಕಣ್ಣೊರೆಸಿಕೊಂಡು, ಅಡುಗೆಮನೆಯಲ್ಲಿ ಪಿಸುಗುಟ್ಟಿ ಹೋಗುತ್ತಿದ್ದರು. ಎರಡನೇ ಕೀಮೋ ಹೊತ್ತಿಗೆ ಕೂದಲು ಪೂರ್ತಿ ಹೋಯಿತು. ಜಗಲಿಯಲ್ಲಿ ಹೆಂಗಸರೆಲ್ಲ ನೆಲ ನೋಡುತ್ತಾ ಕೂತಿದ್ದಾಗ ದೊಡ್ಡಮ್ಮ ಸೆರಗು ಸರಿಸಿದರು.

“ಯಾಕ್ರೇ ಹಿಂಗ್ ಕೂತಿದೀರಿ? ದುರ್ಗದ ಬಂಡೆ ಮ್ಯಾಲೆ ಕೂದ್ಲು ಬೆಳೆದಿದ್ದು ಯಾವತ್ತಾರ ಕಂಡೀರಾ? ಹೈದರಾಲಿ ಬಂದ್ರೂ ಅವು ಜಗ್ಗಿಲ್ಲ!”

ಪಕ್ಕದ ಮನೆಯವರು ತಡೆಯಲಾರದೆ ನಕ್ಕುಬಿಟ್ಟರು. “ತಿರುಪತಿ ಬಸ್‌ಚಾರ್ಜ್ ಉಳೀತು ಬಿಡಕ್ಕಾ” ಅಂದರು. ಆಮೇಲೆ ಅವರೇ, “ಕ್ಯಾನ್ಸರ್‌ಗೆ ಡಾಕ್ಟ್ರು ಏನಂದ್ರಕ್ಕಾ?” ಅಂತ ನೇರವಾಗಿ ಕೇಳಿದರು. ಆ ಮನೆಯಲ್ಲಿ ಆ ಪದ ಕೇಳಿದ್ದು ಅವತ್ತೇ ಮೊದಲು.

ಹೆಸರು ಹೇಳೋಕೆ ಬಂದಮೇಲೆ ಏನು ಬೇಕು ಅಂತ ಕೇಳೋದೂ ಸುಲಭವಾಯಿತು. ಹಸು ಹಾಲು ಕರೆಯಲು ಒಬ್ಬರು, ಈರುಳ್ಳಿ ಹೊಲಕ್ಕೆ ನೀರು ಬಿಡಲು ಇನ್ನೊಬ್ಬರು, ಬೆಳಗಿನ ಜಾವ ಬಸ್‌ಸ್ಟ್ಯಾಂಡಿಗೆ ಬಿಡಲು ಆಟೋ ಹುಡುಗ. ನಮ್ಮ ಆಫೀಸಿನಲ್ಲಿ ಇಂಥ ಪಾಳಿ ಹಂಚಲು ಎಕ್ಸೆಲ್ ಶೀಟು, ಎರಡು ಮೀಟಿಂಗು ಬೇಕು. ಇಲ್ಲಿ ಜಗಲಿ ಸಾಕಾಯಿತು.

ನಗುವಿನಿಂದ ಗಡ್ಡೆ ಕರಗಲ್ಲ, ಅದು ಔಷಧಿಯ ಕೆಲಸ. ಕೀಮೋ ಆದ ಮೂರು ದಿನ ದೊಡ್ಡಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ಆಗ ಯಾರೂ ತಮಾಷೆ ಮಾಡುವುದಿಲ್ಲ. ಗಂಜಿ ಇಟ್ಟು ಸುಮ್ಮನೆ ಹೋಗುತ್ತಾರೆ. ನಾಲ್ಕನೇ ದಿನ ಅವರೇ ಫೋನ್ ಮಾಡಿ, “ಓದೋ ಮಗಾ” ಅನ್ನುತ್ತಾರೆ. ಬಿ.ವಿ. ಭಾರತಿ ಅವರು ತಮ್ಮ ಕ್ಯಾನ್ಸರ್ ದಿನಗಳ ಬಗ್ಗೆ ಬರೆದ ‘ಸಾಸಿವೆ ತಂದವಳು’ ಪುಸ್ತಕವನ್ನು ಸ್ವಲ್ಪ ಸ್ವಲ್ಪವೇ ಓದಿ ಹೇಳುತ್ತಿದ್ದೇನೆ. “ಆಯಮ್ಮನೂ ನಮ್ಮಂಗೇ ಕಣೋ” ಅಂತ ಒಂದು ಸಮಾಧಾನ ಅವರಿಗೆ.

ಆರರಲ್ಲಿ ನಾಲ್ಕು ಕೀಮೋ ಮುಗಿದಿದೆ. ಸ್ಕ್ಯಾನ್ ಇನ್ನೂ ಬಾಕಿ. ಬಿಳಿ ರಕ್ತಕಣ ಕಮ್ಮಿಯಾಗಿರುವುದರಿಂದ ನೆಗಡಿ, ಜ್ವರ ಇದ್ದವರಿಗೆ ಒಳಗೆ ಪ್ರವೇಶವಿಲ್ಲ. ಅಂಥವರು ಗೇಟಿನಾಚೆ ನಿಂತೇ ಜೋರಾಗಿ ವಿಚಾರಿಸುತ್ತಾರೆ, ದೊಡ್ಡಮ್ಮ ಒಳಗಿಂದಲೇ ಕೂಗಿ ಉತ್ತರ ಕೊಡುತ್ತಾರೆ. ಹಾಗಾಗಿ ಅವರ ಬ್ಲಡ್ ರಿಪೋರ್ಟು ಈಗ ಇಡೀ ಬೀದಿಗೆ ಬಾಯಿಪಾಠ.