ಪೆಟ್ರೋಲಿನ ವಾಸನೆ

ನಮ್ಮ ತಂದೆಯವರು 1986ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕೊಂಡರು. ಅವರು ಹೋದಮೇಲೆ ಮನೆ, ಪುಸ್ತಕ, ಪಾತ್ರೆಗಳೆಲ್ಲ ಅಣ್ಣತಮ್ಮಂದಿರಲ್ಲಿ ಹಂಚಿಹೋದುವು. ಕಾರನ್ನು ಮಾತ್ರ ಯಾರೂ ಕೇಳಲಿಲ್ಲ. ಹೀಗೆ ಅದು ನನ್ನ ಪಾಲಿಗೆ ಬಂತು. ಕುಳಿತೊಡನೆ ಮೂಗಿಗೆ ಬರುವ ಪೆಟ್ರೋಲಿನ ವಾಸನೆಯನ್ನು ನಾನು ದೋಷವೆಂದು ಎಣಿಸಿರಲೇ ಇಲ್ಲ. ನನ್ನ ಪಾಲಿಗೆ ಅದು ತಂದೆಯವರ ವಾಸನೆಯಾಗಿತ್ತು.

ಕಳೆದ ವರ್ಷ ಒಂದು ಭಾನುವಾರ ಹಿಂದಿನ ಸೀಟಿನಲ್ಲಿದ್ದ ಮಗಳು, "ಅಪ್ಪಾ, ತಲೆನೋವು" ಎಂದಳು. ನಿಲ್ಲಿಸಿ ಬಾನೆಟ್ ಎತ್ತಿದೆ. ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ನಳಿಕೆ ಬೆವರುತ್ತಿತ್ತು. ಕಾದ ಎಂಜಿನ್ನು ಅಲ್ಲಿಂದ ಒಂದು ಗೇಣು. ನನ್ನ ಕೈಕಾಲು ತಣ್ಣಗಾದುವು.

"ಗಾಡಿ ಹಳೇದು ಸ್ವಾಮಿ, ಪೆಟ್ರೋಲು ಹೊಸದು" ಎಂದ ನಮ್ಮ ಮೆಕ್ಯಾನಿಕ್. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು 2023ರಲ್ಲಿ ಬಂಕುಗಳಿಗೆ ಬಂತಷ್ಟೆ. ಅದು ಹಳೆಯ ರಬ್ಬರನ್ನು ಕೆಡಿಸುತ್ತದೆ. ತೇವವನ್ನು ಹೀರಿಕೊಂಡು ಟ್ಯಾಂಕಿನಲ್ಲಿ ತುಕ್ಕು ಹಿಡಿಸುತ್ತದೆ.

ಇನ್ನು ಪಂಪಿನ ಪ್ರಶ್ನೆ. ವಿದ್ಯುತ್ ಪಂಪು ಹಾಕಿಸಿದರೆ ಬೆಳಗ್ಗೆ ಬೇಗ ಸ್ಟಾರ್ಟ್ ಆಗುತ್ತದೆಂದು ನನಗೆ ಆಸೆ. ಆತ ತಲೆಯಾಡಿಸಿದ. ಹಳೆಯ ಪಂಪು ಎಂಜಿನ್ನಿನ ಬಲದಿಂದ ನಡೆಯುವುದು. ಎಂಜಿನ್ ನಿಂತರೆ ತಾನೂ ನಿಲ್ಲುತ್ತದೆ. ವಿದ್ಯುತ್ ಪಂಪಿಗೆ ಆ ವಿವೇಕವಿಲ್ಲ. ಗಾಡಿ ಡಿಕ್ಕಿ ಹೊಡೆದು ನಿಂತರೂ ಅದು ಸುರಿಯುತ್ತಲೇ ಇರಬಹುದು. ಹಾಕುವುದಾದರೆ ಡಿಕ್ಕಿಯಾದೊಡನೆ ಕರೆಂಟು ಕಡಿಯುವ ಸ್ವಿಚ್ಚು, ರಿಲೇ, ಫ್ಯೂಸು ಎಲ್ಲ ಬೇಕು. ಒತ್ತಡವೂ ಮೂರು ನಾಲ್ಕು ಪೌಂಡು ಮೀರಬಾರದು; ಮೀರಿದರೆ ಕಾರ್ಬ್ಯುರೇಟರು ತುಂಬಿ ಹೊರಚೆಲ್ಲುತ್ತದೆ. ನಾನು ಆಸೆ ಬಿಟ್ಟೆ. ಹಳೆಯ ಪಂಪಿಗೇ ಎಥನಾಲ್ ತಡೆಯುವ ಹೊಸ ಡಯಾಫ್ರಮ್ ಹಾಕಿಸಿದ್ದಾಯಿತು.

ಟ್ಯಾಂಕಿನಲ್ಲಿ ಒಂದು ಸಣ್ಣ ತೂತಿತ್ತು. "ಖಾಲಿ ಮಾಡಿ ಬೆಸುಗೆ ಹಾಕಿಸೋಣ" ಎಂದೆ. ಆತ ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದ. ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲಿನ ಆವಿ ಉಳಿದಿರುತ್ತದೆ. ಕಿಡಿ ತಾಗಿದರೆ ಅದೇ ಬಾಂಬು. ಬೇರೆ ಟ್ಯಾಂಕನ್ನೇ ಹುಡುಕಿ ತಂದೆವು. ನಳಿಕೆಗಳಿಗೆ ವೈಟಾನ್ ಒಳಪದರದವನ್ನು ಆರಿಸಿದೆವು. ಕ್ಲಿಪ್ಪುಗಳು ನುಣುಪಾದ ಪಟ್ಟಿಯವು. ಹಲ್ಲುಳ್ಳ ಪಟ್ಟಿ ರಬ್ಬರನ್ನು ಕೊಯ್ಯುತ್ತದಂತೆ.

ಕೊನೆಗೆ ಎಂಜಿನ್ ಓಡುತ್ತಿರುವಾಗ ಪ್ರತಿಯೊಂದು ಕೀಲನ್ನೂ ಒಣ ಕಾಗದದಿಂದ ಒತ್ತಿ ನೋಡಿದೆವು. ಇಪ್ಪತ್ತು ವರ್ಷದಿಂದ ಸಂಧಿ ಪಾಠ ಮಾಡುತ್ತಿದ್ದೇನೆ; ಲೋಪವೆಲ್ಲ ಸಂಧಿಯಲ್ಲೇ ಆಗುವುದೆಂದು ಅಂದು ಚೆನ್ನಾಗಿ ಮನದಟ್ಟಾಯಿತು. ಕಾಗದ ಒಣಗಿಯೇ ಇತ್ತು. ಸೀಟಿನ ಪಕ್ಕಕ್ಕೆ ಬೆಂಕಿ ಆರಿಸುವ ಪುಡಿಯ ಸಿಲಿಂಡರೊಂದನ್ನೂ ಕೂರಿಸಿದೆ.

ಮುಂದಿನ ಭಾನುವಾರ ಮಳೆ. ಕಿಟಕಿಗಳನ್ನೆಲ್ಲ ಏರಿಸಿ ಹೊರಟೆವು. ಮಗಳು ಹಿಂದೆ ನಿದ್ದೆಹೋದಳು. ಕಾರಿನಲ್ಲಿ ಯಾವ ವಾಸನೆಯೂ ಇರಲಿಲ್ಲ. ಮನಸ್ಸಿಗೆ ಏನೋ ಕಳೆದಂತೆ ಆಯಿತು. ಆಗ ನೆನಪಾಯಿತು: ನಾವು ಮಕ್ಕಳು ಹಿಂದೆ ಕುಳಿತಿದ್ದಾಗ ತಂದೆಯವರು ಎಂಥ ಮಳೆಯಲ್ಲೂ ತಮ್ಮ ಕಿಟಕಿಯನ್ನು ಒಂದು ಗೇಣು ತೆರೆದೇ ಇಡುತ್ತಿದ್ದರು. ಬಲತೋಳು ನೆನೆದುಹೋಗುತ್ತಿತ್ತು. ಅವರಿಗೆ ಗಾಳಿಯೆಂದರೆ ಇಷ್ಟವೆಂದು ನಾವು ತಿಳಿದಿದ್ದೆವು.