ಬೆಂಕಿಪೆಟ್ಟಿಗೆಯ ಜೀರ್ಜಿಂಬೆ

ಮುಂಗಾರು ಆರಂಭವಾದ ಬಳಿಕ ಬಂಗಾರಪೇಟೆಯ ಸುತ್ತಲಿನ ಜಾಲಿಮರಗಳಲ್ಲಿ ಜೀರ್ಜಿಂಬೆಗಳು ಕಾಣಿಸಿಕೊಳ್ಳುತ್ತಿದ್ದವು. ಮಾರಿಕುಪ್ಪಂನಲ್ಲಿ ರೈಲು ಹತ್ತಿ ನಾನಿಯ ಮನೆಗೆ ಹೋದಾಗಲೆಲ್ಲ ನಾವು ಹುಡುಗರು ಮುಳ್ಳು ಚುಚ್ಚಿಸಿಕೊಂಡು ಅವನ್ನು ಹಿಡಿಯುತ್ತಿದ್ದೆವು. ಒಂದಿಷ್ಟು ಜಾಲಿಸೊಪ್ಪು, ಒಂದು ಬೆಂಕಿಪೆಟ್ಟಿಗೆ; ಅದೇ ಅದರ ಮನೆ.

ಹಸಿರೋ ಚಿನ್ನವೋ ಎಂದು ಹೇಳಲಾಗದ ಅದರ ಹೊಳಪು ಬಳಿದ ಬಣ್ಣದಂತಹುದಲ್ಲ. ರೆಕ್ಕೆಚಿಪ್ಪಿನ ತೆಳು ಪದರಗಳಲ್ಲಿ ಬೆಳಕು ಆಡುವ ಆಟ. ಹುಳು ಸತ್ತರೂ ಅದು ಮಾಸುವುದಿಲ್ಲ. 1903ರ ದೆಹಲಿ ದರ್ಬಾರಿನ ಸಂದರ್ಭದಲ್ಲಿ ವೈಸ್‌ರಾಯ್ ಕರ್ಜನ್ನರ ಪತ್ನಿ ತೊಟ್ಟ ನವಿಲುಗರಿ ವಿನ್ಯಾಸದ ಉಡುಪಿನಲ್ಲಿ ಜರಿಯ ನಡುವೆ ಇಂತಹ ಚಿಪ್ಪುಗಳನ್ನೇ ಹೊಲಿದಿದ್ದರು.

ನನಗಾಗ ಹತ್ತು ವರ್ಷ. ಕೆ.ಜಿ.ಎಫ್.ನ ನಮ್ಮ ಮನೆಗೆ ತಂದ ಪೆಟ್ಟಿಗೆಯನ್ನು ಮರೆತುಬಿಟ್ಟೆ. ತೆರೆದಾಗ ಹುಳು ಸತ್ತಿತ್ತು, ಪಕ್ಕದಲ್ಲಿ ಮೂರು ಮೊಟ್ಟೆಗಳಿದ್ದವು. ರೆಕ್ಕೆ ಸಿಕ್ಕಿತೆಂದು ನಾನು ಹಿಗ್ಗಿದೆ. ರಾತ್ರಿಪಾಳಿ ಮುಗಿಸಿ ಗಣಿಯಿಂದ ಬಂದಿದ್ದ ಅಬ್ಬಾ ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು.

“ಇದೂ ನನ್ನ ಹಾಗೆ ನೆಲದೊಳಗಿಂದ ಮೇಲೆ ಬಂದದ್ದು ಬೇಟಾ. ಮತ್ತೆ ಕತ್ತಲೆಗೆ ಹಾಕಿದೆಯಲ್ಲ.”

ಬೆಕ್ಕನ್ನು ಕೂಡಿಹಾಕಿ, ಉಣ್ಣಲೂ ಕೊಡದೆ, ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಯ ಕುರಿತು ಪ್ರವಾದಿ(ಸ) ನೀಡಿದ ಎಚ್ಚರಿಕೆಯನ್ನು ದಾದಿ ಅಂದು ರಾತ್ರಿ ಹೇಳಿದರು. ಆದರೆ ನನಗೆ ನಿದ್ರೆ ಬಾರದಂತೆ ಮಾಡಿದ್ದು ಅಬ್ಬಾರ ಮಾತು.

ಅವರ ಮಾತು ನಿಜವೆಂದು ಓದಿ ತಿಳಿದದ್ದು ಬಹಳ ತಡವಾಗಿ. ಜೀರ್ಜಿಂಬೆಯ ಮರಿಹುಳು ಮಣ್ಣಿನೊಳಗೆ ಬೇರು ತಿಂದು ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ಉಳಿಯುವುದು ಕೆಲವೇ ವಾರ. ಉತ್ತರ ಅಮೆರಿಕದಲ್ಲಿರುವ ಇದರ ಬಳಗದ ಒಂದು ಹುಳುವಂತೂ ಮರದೊಳಗೆ ಬೆಳೆಯುತ್ತದೆ. ಆ ಮರದಿಂದ ಮನೆ ಕಟ್ಟಿ 50 ವರ್ಷ ದಾಟಿದ ಮೇಲೆ ಕೊರೆದುಕೊಂಡು ಹೊರಬಂದದ್ದೂ ಉಂಟು. ಅಷ್ಟು ಕಾಯುವಿಕೆ ಯಾವ ಬೆಳಕಿಗಾಗಿಯೋ, ಸೃಷ್ಟಿಸಿದವನೇ ಬಲ್ಲ.

2001ರಲ್ಲಿ ಗಣಿ ಮುಚ್ಚುವಾಗ ಅಬ್ಬಾ ಇರಲಿಲ್ಲ. ನಿವೃತ್ತಿಯ ನಂತರ ಅವರು ಅಂಗಳದ ಬಿಸಿಲಲ್ಲಿ ಕುಳಿತದ್ದು ಒಂದೂವರೆ ವರ್ಷ ಮಾತ್ರ.

ಆ ಮೂರು ಮೊಟ್ಟೆಗಳನ್ನು ಅವರು ಮನೆಯ ಹಿಂದಿನ ಜಾಲಿಯ ಬುಡದಲ್ಲಿ, ಬೆರಳಿನಿಂದ ಮಣ್ಣು ಸರಿಸಿ, ಹೂತಿದ್ದರು. ಎರಡು ಮಳೆಗಾಲ ಕಳೆದ ಮೇಲೆ ಆ ಮರದಲ್ಲಿ ಜೀರ್ಜಿಂಬೆಯೊಂದನ್ನು ಕಂಡೆ. ಅದೇ ಮೊಟ್ಟೆಯದೋ, ಬೇರೆಲ್ಲಿಂದಲೋ ಹಾರಿ ಬಂದದ್ದೋ. ಕೈ ಚಾಚಲಿಲ್ಲ, ಅಬ್ಬಾರನ್ನು ಕೂಗಿ ಕರೆದೆ.