ಬೆಂಕಿ ಆರಿಸಲು ಯಾರು ಬರುತ್ತೀರಿ?



ಮುಂದೆ ಏನಾಗುತ್ತೀರಿ ಎಂದು ಕೇಳಿದರೆ ನೀವು ಥಟ್ಟನೆ ಹೇಳುವ ಉತ್ತರಗಳು ನನಗೆ ಗೊತ್ತು. ಡಾಕ್ಟರ್, ಟೀಚರ್, ಪೊಲೀಸ್, ಇಂಜಿನಿಯರ್! ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲೆಗಳಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದೇನೆ. ‘ಅಗ್ನಿಶಾಮಕ ದಳಕ್ಕೆ ಸೇರುತ್ತೇನೆ’ ಎಂದವರು ಬಲು ಕಡಿಮೆ.

ಆದರೆ ನಮ್ಮದು ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆ. ಸುಗ್ಗಿ ಮುಗಿದರೆ ಹಿತ್ತಲಲ್ಲಿ ರಾಗಿ ಹುಲ್ಲಿನ ಬಣವೆ, ಕಡಲೇಕಾಯಿ ಬಳ್ಳಿಯ ರಾಶಿ. ಬೇಸಿಗೆಯಲ್ಲಿ ಸಿದ್ಧರಬೆಟ್ಟದ ಇಳಿಜಾರು, ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲು ಎಲ್ಲವೂ ಒಣಗಿ ನಿಂತಿರುತ್ತವೆ. ಆರಿಸದೆ ಎಸೆದ ಒಂದು ಬೀಡಿ ತುಂಡು ಸಾಕು.

ಬೆಂಕಿ ಉರಿಯಲು ಮೂರು ಬೇಕು: ಉರಿಯುವ ವಸ್ತು, ಆಕ್ಸಿಜನ್ ಮತ್ತು ಶಾಖ. ಇವನ್ನು ತ್ರಿಕೋನದ ಮೂರು ಬಾಹುಗಳು ಎಂದುಕೊಳ್ಳಿ. ಒಂದನ್ನು ತೆಗೆದರೆ ತ್ರಿಕೋನವಿಲ್ಲ, ಬೆಂಕಿಯೂ ಇಲ್ಲ. ನೀರು ಶಾಖವನ್ನು ಹೀರುತ್ತದೆ. ಮರಳು ಆಕ್ಸಿಜನ್ ಸಿಗದಂತೆ ಮುಚ್ಚುತ್ತದೆ. ಹಾಗಾದರೆ ಉರಿಯುವ ವಸ್ತುವನ್ನು ತೆಗೆಯುವುದು ಹೇಗೆ?

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮೂರಿನ ಒಂದು ಬಣವೆಗೆ ಬೆಂಕಿ ಬಿತ್ತು. ಜನ ಕೊಡಗಳಲ್ಲಿ ನೀರು ತಂದು ಎರಚಿದರು. ಉರಿ ಜಗ್ಗಲಿಲ್ಲ. ಆಗ ಒಬ್ಬ ಅಜ್ಜ, “ಅದು ಹೋಯ್ತು ಬಿಡ್ರಪ್ಪಾ, ಪಕ್ಕದ್ದನ್ನ ಉಳಿಸ್ಕೊಳ್ಳಿ!” ಎಂದು ಕೂಗಿದರು. ಎಲ್ಲರೂ ಸೇರಿ ನಡುವೆ ಚೆಲ್ಲಿದ್ದ ಹುಲ್ಲನ್ನು ಬಾಚಿ ತೆಗೆದರು, ಪಕ್ಕದ ಬಣವೆಗಳನ್ನು ನೆನೆಸಿದರು. ಒಂದು ಸುಟ್ಟಿತು, ನಾಲ್ಕು ಉಳಿದವು. ಆ ಅಜ್ಜ ತ್ರಿಕೋನದ ಪಾಠ ಓದಿರಲಿಲ್ಲ, ಆದರೂ ಒಂದು ಬಾಹುವನ್ನು ತೆಗೆದಿದ್ದರು. ಬಣವೆ ಕಳೆದುಕೊಂಡ ಮನೆಯವರು ಮಾತ್ರ ಮೇವಿಲ್ಲದೆ ಆ ತಿಂಗಳೇ ಎತ್ತುಗಳನ್ನು ಸಂತೆಗೆ ಹೊಡೆದರು.

ಅಗ್ನಿಶಾಮಕ ವಾಹನ ಬಂದರೆ ಸಾಲದೇ ಎನ್ನುತ್ತೀರಾ? ಒಂದು ಲೆಕ್ಕ ಮಾಡೋಣ. ನಿಮ್ಮ ಊರು ಠಾಣೆಯಿಂದ 20 ಕಿ.ಮೀ. ದೂರವಿದೆ, ವಾಹನದ ವೇಗ ಗಂಟೆಗೆ 40 ಕಿ.ಮೀ. ಎನ್ನಿ. ಬರಲು ಅರ್ಧ ಗಂಟೆ ಬೇಕು! ವಾಹನದಲ್ಲಿ 4,500 ಲೀಟರ್ ನೀರಿದ್ದು, ಪಂಪು ನಿಮಿಷಕ್ಕೆ 900 ಲೀಟರ್ ಚಿಮ್ಮಿಸಿದರೆ ಐದೇ ನಿಮಿಷಕ್ಕೆ ಖಾಲಿ. ಆಮೇಲೆ ನೀರು ಎಲ್ಲಿದೆ ಎಂದು ತೋರಿಸುವವರು ಊರಿನವರೇ.

ಆದ್ದರಿಂದ ಎರಡು ಬಗೆಯ ಜನ ಬೇಕು. ಮೊದಲನೆಯವರು ತರಬೇತಿ ಪಡೆದ ಸಿಬ್ಬಂದಿ. ನಮ್ಮ ರಾಜ್ಯದಲ್ಲಿ 2020ರಲ್ಲಿ ಅಗ್ನಿಶಾಮಕ ಹುದ್ದೆಗೆ ಅರ್ಜಿ ಕರೆದಾಗ ಎಸ್.ಎಸ್.ಎಲ್.ಸಿ. ಪಾಸಾದವರಿಗೂ ಅವಕಾಶವಿತ್ತು. ಆದರೆ ಓದು ಮಾತ್ರ ಸಾಲದು, ಮೈಕಟ್ಟೂ ಗಟ್ಟಿಯಿರಬೇಕು. “ಹುಡುಗಿಯರೂ ಸೇರಬಹುದಾ ಸಾರ್?” ಎಂದು ಒಬ್ಬಳು ವಿದ್ಯಾರ್ಥಿನಿ ನನ್ನನ್ನು ಕೇಳಿದ್ದಳು. ಖಂಡಿತ! ಹರ್ಷಿಣಿ ಕಾನ್ಹೇಕರ್ ಅವರು 2002ರಲ್ಲಿ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿಗೆ ಸೇರಿ, ಅಲ್ಲಿ ಕಲಿತ ಮೊದಲ ಮಹಿಳೆಯಾದರು.

ಎರಡನೆಯವರು ಸ್ವಯಂಸೇವಕರು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ನೆಲದ ಮೇಲೆ ಸಿಬ್ಬಂದಿಯ ಜೊತೆ ಸ್ವಯಂಸೇವಕರೂ ದುಡಿದರು. ಕಾಡಿನ ನೆಲದ ಬೆಂಕಿಯನ್ನು ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸುತ್ತಾರೆ. ಇಲ್ಲಿ ತೆಗೆದದ್ದು ಯಾವ ಬಾಹು, ಹೇಳಿ ನೋಡೋಣ? ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಂತೂ ಊರೂರಿನ ಅಗ್ನಿಶಾಮಕ ದಳದವರು ಸಂಬಳವಿಲ್ಲದ ಸ್ವಯಂಸೇವಕರೇ. ನಮ್ಮಲ್ಲಿ ಗೃಹರಕ್ಷಕ ದಳವಿದೆ. ದೊಡ್ಡವರಾದ ಮೇಲೆ ನೀವೂ ಸೇರಬಹುದು.

ಇದು ಅಪಾಯದ ಕೆಲಸವೂ ಹೌದು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಪ್ರಾಣ ಕೊಟ್ಟರು. ಅವರ ನೆನಪಿಗೆ ಪ್ರತಿವರ್ಷ ಆ ದಿನ ಅಗ್ನಿಶಾಮಕ ಸೇವಾ ದಿನ.

ಹಾಗಾದರೆ ಈಗ ನೀವೇನು ಮಾಡಬಹುದು? ನೆನಪಿಡಿ, ಬೆಂಕಿಯ ಹತ್ತಿರ ಹೋಗುವುದು ಮಕ್ಕಳ ಕೆಲಸವಲ್ಲ. ದೊಡ್ಡವರನ್ನು ಕೂಗಿ, 101 ಅಥವಾ 112ಕ್ಕೆ ಫೋನ್ ಮಾಡಿಸಿ. ಊರಿನ ಹೆಸರು, ದಾರಿಯ ಗುರುತು, ಏನು ಉರಿಯುತ್ತಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ವಿದ್ಯುತ್ ತಂತಿಯಿಂದ ಹತ್ತಿದ ಬೆಂಕಿಗೆ ನೀರು ಹಾಕಬಾರದು, ಏಕೆಂದರೆ ನಾವು ಬಳಸುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ.

ಮಾಡಿ ನೋಡಿ: ನಾಲ್ಕು ಜನರ ಗುಂಪು ಮಾಡಿಕೊಂಡು ನಿಮ್ಮ ಊರಿನ ನಕ್ಷೆ ಬರೆಯಿರಿ. ಬೇಸಿಗೆಯಲ್ಲೂ ನೀರಿರುವ ಬೋರ್‌ವೆಲ್, ಕೃಷಿ ಹೊಂಡ, ಟ್ಯಾಂಕ್‌ಗಳನ್ನು ನೀಲಿ ಬಣ್ಣದಲ್ಲಿ ಗುರುತಿಸಿ. ಬಣವೆಗಳನ್ನು ಕೆಂಪು ಬಣ್ಣದಲ್ಲಿ ಗುರುತಿಸಿ. ದೊಡ್ಡ ವಾಹನ ಹೋಗಬಲ್ಲ ದಾರಿಗೆ ಗೆರೆ ಎಳೆಯಿರಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ, ಇನ್ನೊಂದನ್ನು ನಿಮ್ಮ ತಾಲ್ಲೂಕಿನ ಅಗ್ನಿಶಾಮಕ ಠಾಣೆಗೆ ನಿಮ್ಮ ಶಿಕ್ಷಕರ ಮೂಲಕ ಕಳುಹಿಸಿ.